ಕೊನೆಯ ನಡಿಗೆಗೆ ಬಾರದವರು

ಡಾಕ್ಟರ್ ಸಾಹೇಬರಿಗೆ ನಮಸ್ಕಾರ.

ಸುಸ್ತಿನ ಕಾಯಿಲೆಯವರನ್ನು ದಿನಾ ನಡೆಸಿ ನೋಡಿದ ನಿಮ್ಮ ಅಧ್ಯಯನದಲ್ಲಿದ್ದ ಟೈಲರ್ ನಾನು. ನಿಮ್ಮ ವರದಿಯನ್ನು ನಾನು, ಗಣಿತದ ಮೇಷ್ಟ್ರು, ಬಸ್ ಕಂಡಕ್ಟರ್, ಮೂವರೂ ರೋಗಿಗಳೇ, ಮಲಗಿದಲ್ಲೇ ಓದಿದೆವು. ದಿನಕ್ಕೊಬ್ಬರು ಒಂದೊಂದು ಪುಟ ಓದಿ ಉಳಿದವರಿಗೆ ಫೋನಿನಲ್ಲಿ ಹೇಳುವುದು. ಅದಕ್ಕಿಂತ ಹೆಚ್ಚು ಓದಿದರೆ ತಲೆ ಎತ್ತಲಾಗುವುದಿಲ್ಲ.

ಒಂಬತ್ತನೇ ಪುಟದ ಅಡಿಯಲ್ಲಿ, ಸಣ್ಣ ಅಕ್ಷರದಲ್ಲಿ, ಮೇಷ್ಟ್ರಿಗೆ ಅದು ಸಿಕ್ಕಿತು. ಕೊನೆಯ ನಡಿಗೆ ಪರೀಕ್ಷೆಗೆ ಬಾರದವರನ್ನು ಲೆಕ್ಕದಿಂದ ಬಿಟ್ಟಿದ್ದೀರಿ. ಬಂದವರನ್ನಷ್ಟೇ ಎಣಿಸಿ, ನಡೆದು ನಡೆದು ಮುಕ್ಕಾಲು ಪಾಲು ಜನ ಚೇತರಿಸಿಕೊಂಡರು ಎಂದಿದ್ದೀರಿ. ಸಾರ್, ನಡೆಯಲಾಗದ್ದಕ್ಕೇ ನಾವು ಬರಲಿಲ್ಲ. ಆ ದಿನ ಪರೀಕ್ಷೆಗೆಂದು ಹೊರಟ ನಾನು ನಮ್ಮ ಮನೆ ಮೆಟ್ಟಿಲ ಮೇಲೆ ಕುಸಿದು ಕೂತವಳು ಸಂಜೆವರೆಗೂ ಏಳಲಿಲ್ಲ. ತೋಳು ಹಚ್ಚದ ಅಂಗಿಯನ್ನು ಪೂರ್ತಿಯಾಯಿತೆಂದು ನಾನೆಂದೂ ಗಿರಾಕಿಯ ಕೈಗೆ ಕೊಟ್ಟವಳಲ್ಲ.

ಪೇಪರಿನಲ್ಲಿ ನಿಮ್ಮ ವರದಿಯ ಸುದ್ದಿ ಓದಿದ ಅತ್ತೆ ದಿನಾ ಬೆಳಿಗ್ಗೆ, "ನಡೆದ್ರೆ ವಾಸಿ ಆಗುತ್ತಂತಲ್ಲಮ್ಮ, ಏಳು" ಎಂದು ಕೈಹಿಡಿದು ಎಬ್ಬಿಸುತ್ತಾರೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಮೇಷ್ಟ್ರನ್ನೂ ಕಂಡಕ್ಟರನ್ನೂ ಮನೆಯವರು ಹೀಗೇ ನಡೆಸಿದರು. ಇಬ್ಬರೂ ಈಗ ಫೋನ್ ಎತ್ತುತ್ತಿಲ್ಲ.

ದಯವಿಟ್ಟು ನಮ್ಮನ್ನೂ ಸೇರಿಸಿ ಮತ್ತೊಮ್ಮೆ ಎಣಿಸಿ. ನಿಮ್ಮ ಉತ್ತರ ಒಂದೇ ಪುಟದಲ್ಲಿರಲಿ. ಓದಲು ಈಗ ನಾನೊಬ್ಬಳೇ ಉಳಿದಿದ್ದೇನೆ.

ಇಂತಿ,
ನಿಮ್ಮ ನಲವತ್ತೊಂದನೇ ನಂಬರಿನ ರೋಗಿ