ಕೊನೆಯ ಹೊಲಿಗೆ ಮೊದಲು

ಫೆಬ್ರವರಿ 4, ಬೆಳಿಗ್ಗೆ 5.40

ಮತ್ತೆ ತಪ್ಪು. 3x + 6 = 21. ಮೂರರಿಂದ ಭಾಗಿಸಿದೆ — x + 6 = 7. ಹಾಗಾದರೆ x = 1 ಎಂದೆ. ಅತ್ತೆ ನೋಟ್‌ಬುಕ್ ಕಡೆ ತಿರುಗಲೂ ಇಲ್ಲ. “ಒಂದನ್ನ ಹಾಕಿ ತಾಳೆ ನೋಡು” ಎಂದರು. ನೋಡಿದೆ. ಇಪ್ಪತ್ತೊಂದು ಎಲ್ಲಿ, ಒಂಬತ್ತು ಬಂತು.

“ಆರನ್ನ ಮಾತ್ರ ಭಾಗಿಸದೆ ಬಿಟ್ಟೆಯಲ್ಲ, ಅದೇನು ನಿನ್ನ ತಮ್ಮನಾ?”

ಮೂವತ್ತು ವರ್ಷ ಗಣಿತದ ಟೀಚರ್. ರಿಟೈರ್ ಆದ ಮೇಲೆ ಕೈಗೆ ಸಿಕ್ಕವಳು ಸೊಸೆ ಒಬ್ಬಳೇ. ನನ್ನ ಗ್ರಹಚಾರ.

ಹತ್ತನೇ ಕ್ಲಾಸಿನ ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದಾಗಿದೆ. ಈ ಸಲವೂ ಹೋದರೆ ಸೂಪರ್‌ವೈಸರ್ ಕೆಲಸದ ಆಸೆ ಬಿಟ್ಟಂತೆಯೇ. ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ, ತಪ್ಪು ಹೊಲಿಗೆ ಬಿಚ್ಚುವ ಆಲ್ಟರೇಶನ್ ಟೇಬಲ್ಲಿನಲ್ಲೇ ಮುದುಕಿಯಾಗುತ್ತೇನೆ. ಭಯವಾಗುತ್ತದೆ.

ಫೆಬ್ರವರಿ 7

ಅದೇ ತಪ್ಪು. ಅತ್ತೆ ಬೈಯಲೂ ಇಲ್ಲ. ಅದು ಇನ್ನೂ ಕಷ್ಟ.

ಫೆಬ್ರವರಿ 19, ಊಟದ ಬಿಡುವು

ಹೊಳೆಯಿತು! ಹೊಸ ಹುಡುಗಿ ಶರ್ಟಿನ ತೋಳು ಬಿಚ್ಚಲು ಹೋಗಿ ಕಂಕುಳಲ್ಲಿ ಬಟ್ಟೆ ಹರಿದಳು. “ತೋಳು ಜೋಡಿಸಿದ ಮೇಲೆ ಪಕ್ಕದ ಹೊಲಿಗೆ ಹಾಕಿರ್ತಾರೆ ಕಣೇ. ಕೊನೆಗೆ ಹಾಕಿದ್ದನ್ನ ಮೊದಲು ಬಿಚ್ಚು” ಎಂದೆ. ಎಂದವಳು ಹಾಗೇ ನಿಂತುಬಿಟ್ಟೆ.

x ಅನ್ನು ಮೊದಲು ಮೂರರಿಂದ ಗುಣಿಸಿದ್ದಾರೆ. ಆರು ಕೂಡಿಸಿದ್ದು ಆಮೇಲೆ. ಅಂದರೆ ಮೊದಲು ಆರು ಬಿಚ್ಚಬೇಕು — ಎರಡೂ ಕಡೆ. ಒಂದು ತೋಳು ಗಿಡ್ಡ ಮಾಡಿದರೆ ಇನ್ನೊಂದೂ ಅಷ್ಟೇ ಗಿಡ್ಡವಾಗಬೇಕಲ್ಲ! ಟೇಬಲ್ ಮೇಲೇ ಚಾಕ್‌ನಲ್ಲಿ ಬರೆದೆ:

3x = 21 − 6 = 15
x = 15 ÷ 3 = 5
ತಾಳೆ: 3 × 5 + 6 = 21

“ಅಕ್ಕಾ, ಹುಷಾರಾಗಿದೀರಾ?” ಎಂದಳು ಹುಡುಗಿ. ಕುಣಿಯುತ್ತಿದ್ದೆ ಅಂತ ಕಾಣುತ್ತದೆ.

ಅದೇ ದಿನ, ಸಂಜೆ

ಅತ್ತೆ ಬೇಕೆಂದೇ ಕಷ್ಟದ್ದು ಕೊಟ್ಟರು. 5x − 4 = 2x + 14. ಎರಡೂ ಕಡೆಯಿಂದ 2x ತೆಗೆದೆ: 3x − 4 = 14. ಎರಡೂ ಕಡೆ ನಾಲ್ಕು ಕೂಡಿಸಿದೆ: 3x = 18. x = 6. ಕೇಳುವ ಮೊದಲೇ ತಾಳೆ ನೋಡಿದೆ — ಆ ಕಡೆ 26, ಈ ಕಡೆ 26. ಅತ್ತೆ ಎರಡು ಸಲ ಓದಿ, ಹೇಗೆ ಹೊಳೆಯಿತೆಂದು ಕೇಳಿದರು; ತೋಳಿನ ಹೊಲಿಗೆಯ ಕಥೆ ಹೇಳಿದೆ. “ಹ್ಞೂಂ” ಎಂದರು. ಅವರ ಬಾಯಿಂದ ಅಷ್ಟು ಬಂದರೆ ಹಬ್ಬ.

ಏಪ್ರಿಲ್ 2

ಪರೀಕ್ಷೆ ಮುಗಿಯಿತು. ಸಮೀಕರಣ ನಾಲ್ಕಿದ್ದವು. ನಾಲ್ಕಕ್ಕೂ ತಾಳೆ ನೋಡಿಯೇ ಎದ್ದೆ.

ಮೇ 11, ಸಂಜೆ

ಪಾಸ್! ಎಪ್ಪತ್ತೊಂದು! ನಾಳೆಯೇ ಸೂಪರ್‌ವೈಸರ್ ಅರ್ಜಿ. ಅತ್ತೆ ಮಾರ್ಕ್ಸ್ ನೋಡಿ, “ಇನ್ನಿಪ್ಪತ್ತೊಂಬತ್ತು ಎಲ್ಲಿ ಹೋಯ್ತು?” ಎಂದು ಒಳಗೆ ಹೋದರು. ಉರಿಯಿತು ನನಗೆ. ಈಗ ಒಳಗಿನಿಂದ ಕೇಳಿಸುತ್ತಿದೆ, ತಮ್ಮ ತಂಗಿಗೆ ಫೋನು: “ಎಪ್ಪತ್ತೊಂದು ಕಣೇ! ಅಷ್ಟು ವರ್ಷ ಪಾಠ ಮಾಡ್ದೆ, ಇವಳ ಹಾಗೆ ಹೊಲಿಗೆ ಬಿಚ್ಚಿ ಹೇಳ್ಕೊಡೋದು ನಂಗೇ ಗೊತ್ತಿರ್ಲಿಲ್ಲ.”

ಅಕ್ಷರ ಕಾಣುತ್ತಿಲ್ಲ, ಕಣ್ಣು ತುಂಬಿದೆ. ಕರೆಯುತ್ತಿದ್ದಾರೆ. ಆ ಹೊಲಿಗೆಯ ಲೆಕ್ಕ ಫೋನಿನಲ್ಲಿ ನಾನೇ ಹೇಳಬೇಕಂತೆ, ಜೋರಾಗಿ —