ಹತ್ತನೇ ನಂಬರಿನ ಸ್ಪ್ಯಾನರ್

ತೊಂಡೇಬಾವಿ
18 ಮೇ 2025

ನಮ್ಮ ಲಾವಣ್ಯನ ಅಪ್ಪನಿಗೆ, ತನುಜಳ ನಮಸ್ಕಾರ.

ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀರಾ, ಇಲ್ಲ ವಿಮಾನದ ಹೊಟ್ಟೆಯೊಳಗೆ ತಲೆ ಹಾಕಿಕೊಂಡು ಮರೆತುಬಿಡುತ್ತೀರಾ? ಸೊಂಟದ ನೋವು ಹೇಗಿದೆ? ಗುಂಡಿನ ಸದ್ದು ನಿಂತಿದೆ ಎಂದು ಟಿವಿಯವರು ಹೇಳಿ ವಾರವಾಯಿತು, ನಿಮ್ಮ ಫೋನು ಮಾತ್ರ ಇನ್ನೂ ಸ್ವಿಚ್ ಆಫ್. ಎಲ್ಲಿದ್ದೀರಿ ಎಂದು ಕೇಳಬಾರದು, ಗೊತ್ತು. ಅದಕ್ಕೇ ಈ ಎ.ಪಿ.ಓ. ವಿಳಾಸಕ್ಕೆ ಬರೆಯುತ್ತಿದ್ದೇನೆ. ಸೇನೆಯ ಅಂಚೆಯವರು ಎಲ್ಲಿಗಾದರೂ ಮುಟ್ಟಿಸಲಿ.

ನನಗೆ ಸಾಕಾಗಿ ಹೋಗಿದೆ ರೀ. ರಜೆಗೆ ಬಂದವರು ಸುಮ್ಮನೆ ಇರಬಾರದಿತ್ತೇ? ಓಡುತ್ತಿದ್ದ ನಮ್ಮ ಹಿಟ್ಟಿನ ಮಿಲ್ಲನ್ನು ಸದ್ದು ಸರಿಯಿಲ್ಲ ಎಂದು ಬಿಚ್ಚಿ ಹಾಕಿದಿರಿ. ಅಷ್ಟರಲ್ಲಿ ರಜೆ ರದ್ದಾಗಿದೆ, ತಕ್ಷಣ ಹೊರಡು ಎಂದು ಫೋನು ಬಂತು. ಟೂಲ್ ಬಾಕ್ಸ್ ಜೋಡಿಸುವಾಗ ನೋಡಿದರೆ ಹತ್ತನೇ ನಂಬರಿನ ಸ್ಪ್ಯಾನರ್ ಇಲ್ಲ. ರೈಲು ಹತ್ತಿದ ಮೇಲೂ ಕಿಟಕಿಯಿಂದ ನೀವು ಹೇಳಿದ್ದು ಅದನ್ನೇ: "ಅದು ಸಿಗೋ ತನಕ ಮಿಲ್ಲು ಜೋಡಿಸಿ ಹಾಕಬೇಡ ಕಣೇ. ಬೀಸೋ ಕಲ್ಲೊಳಗೆ ಬಿದ್ದಿದ್ರೆ ಯಾರದಾದ್ರೂ ಪ್ರಾಣ ಹೋಗುತ್ತೆ. ಸಿಗಲಿಲ್ಲ ಅಂದ್ರೆ ನಾನೇ ಬಂದು ಪೂರ್ತಿ ಬಿಚ್ಚಿ ನೋಡ್ತೀನಿ." ಯುದ್ಧಕ್ಕೆ ಹೊರಟ ಗಂಡ ಹೆಂಡತಿಗೆ ಹೇಳುವ ಮಾತೇ ಇದು?

ಅಂದಿನಿಂದ ಮಿಲ್ಲಿಗೆ ಬೀಗ. ಮಿಲ್ಲಿನವರ ಮನೆ ಸೊಸೆ ಅಂಗಡಿಯಲ್ಲಿ ಪ್ಯಾಕೆಟ್ ರಾಗಿಹಿಟ್ಟು ಕೊಳ್ಳುವುದನ್ನು ನೋಡಿ ಊರೇ ನಗುತ್ತಿದೆ. ಗಿರಾಕಿಗಳು ಗೌರಿಬಿದನೂರಿಗೆ ಹೋಗುತ್ತಿದ್ದಾರೆ. ಪಕ್ಕದ ಮನೆ ಗಂಗುಲಮ್ಮ, "ನಿನ್ನ ಗಂಡ ವಿಮಾನ ಓಡಿಸ್ತಾನಂತೆ, ಒಂದು ಮಿಲ್ಲು ಓಡಿಸಕ್ಕಾಗಲಿಲ್ವಾ" ಎಂದಳು. ಓಡಿಸುವವರು ಬೇರೆ, ರಿಪೇರಿ ಮಾಡುವವರು ಇವರು ಎಂದು ಎಷ್ಟು ಜನಕ್ಕೆ ಹೇಳಲಿ? ಒಂದು ಸ್ಪ್ಯಾನರ್ ಕಾಣದಿದ್ದರೂ ನಿಮ್ಮಲ್ಲಿ ವಿಮಾನ ಮೇಲೇಳುವುದಿಲ್ಲ, ಸರಿ. ನಮ್ಮ ಮಿಲ್ಲೇನು ಹಾರಬೇಕಾಗಿತ್ತೇ?

ಅತ್ತೆಯದಂತೂ ಕೇಳಲೇಬೇಡಿ. ಬೆಳಗೆದ್ದರೆ, "ನನ್ನ ಮಗ ದೇಶ ಕಾಯಕ್ಕೆ ಹೋದ, ನಿನಗೆ ಒಂದು ಸ್ಪ್ಯಾನರ್ ಹುಡುಕಕ್ಕಾಗಲ್ಲ" ಎಂದು ನನಗೇ ಮಂಗಳಾರತಿ. ಮೊನ್ನೆ ಮೆಕ್ಯಾನಿಕ್ ಮುನಿಶಾಮಿ ಬಂದು, "ಅದೊಂದು ಸಿಗಲಮ್ಮ, ಅರ್ಧ ಗಂಟೇಲಿ ನಾನೇ ಜೋಡಿಸಿಕೊಡ್ತೀನಿ" ಎಂದ. ಮೂಲೆಮೂಲೆ ಗುಡಿಸಿದೆ, ಹಿಟ್ಟನ್ನೆಲ್ಲ ಜರಡಿ ಹಿಡಿದೆ. ಅತ್ತೆ ಜಗಲಿಯ ಮೇಲೆ ಕೂತು ಎಲೆಅಡಿಕೆ ಜಗಿಯುತ್ತಾ ಅಲ್ಲಿ ನೋಡು, ಇಲ್ಲಿ ನೋಡು ಎಂದರೇ ಹೊರತು ಕೂತಲ್ಲಿಂದ ಏಳಲಿಲ್ಲ. ಸಿಟ್ಟಿಗೆ ನನಗೆ ಅಳುವೇ ಬಂತು.

ಲಾವಣ್ಯನ ಮುಂದಿನ ಹಲ್ಲು ಬಿದ್ದಿದೆ. ಅಪ್ಪನಿಗೆ ತೋರಿಸಬೇಕು ಎಂದು ಬೆಂಕಿಪೊಟ್ಟಣದಲ್ಲಿ ಇಟ್ಟುಕೊಂಡಿದ್ದಾಳೆ. ಒಂದು ಸಲ ಫೋನು ಮಾಡಿ, ಬೈಯುವುದಕ್ಕಾದರೂ ಮಾಡಿ. ಮೈ ಮೇಲೆ ಗಮನವಿರಲಿ.

ಇನ್ನೂ ಸಿಟ್ಟು ಇಳಿಯದ
ತನುಜ

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಬರೆಯುತ್ತಿದ್ದೇನೆ. ಅತ್ತೆ ಸ್ನಾನಕ್ಕೆ ಹೋಗುವಾಗ ಸೊಂಟದ ಎಲೆಅಡಿಕೆ ಸಂಚಿಯನ್ನು ಮಂಚದ ಮೇಲೆ ಬಿಟ್ಟಿದ್ದರು. ಎತ್ತಿಡೋಣ ಎಂದರೆ ಭಾರ. ಒಳಗೆ ನಿಮ್ಮ ಸ್ಪ್ಯಾನರ್, ನಿಮ್ಮದೇ ಹಳೇ ಕರ್ಚೀಫಿನಲ್ಲಿ ಸುತ್ತಿಟ್ಟಿದ್ದಾರೆ. ಸಿಗಲಿಲ್ಲ ಅಂದ್ರೆ ನಾನೇ ಬರ್ತೀನಿ ಎಂದು ರೈಲಿನ ಕಿಟಕಿಯಿಂದ ನೀವು ಹೇಳುವಾಗ ಅವರೂ ನನ್ನ ಪಕ್ಕದಲ್ಲೇ ನಿಂತಿದ್ದರಲ್ಲ. ಇದ್ದ ಹಾಗೇ ಸುತ್ತಿ ಇಟ್ಟು ಬಂದೆ. ಸ್ಪ್ಯಾನರ್ ಇನ್ನೂ ಸಿಕ್ಕಿಲ್ಲ ರೀ. ಬೇಗ ಬನ್ನಿ.