ಡಾಕ್ಟರು ಓಡಿಸಿದ ಗಾಡಿ

ಶಿಕಾರಿಪುರ
೨೨ ಜನವರಿ ೨೦೨೫, ಬುಧವಾರ

ರೀ,

ಹೇಗಿದ್ದೀರಿ? ಮೊದಲು ಅದನ್ನು ಹೇಳಿ. ಭಾನುವಾರ ಫೋನಿನಲ್ಲಿ ನಿಮ್ಮ ದನಿ ಕಟ್ಟಿದ ಹಾಗಿತ್ತು. ಕೇಳಿದರೆ ಲೈನ್ ಸರಿಯಿಲ್ಲ ಅಂದಿರಿ. ಲೈನಿಗೆ ಎಲ್ಲಾದರೂ ನೆಗಡಿಯಾಗುತ್ತದೆಯೇ? ಆ ಹಿಮದಲ್ಲಿ ಕಾವಲು ನಿಲ್ಲುವಾಗ ಟೋಪಿಯನ್ನು ಕಿವಿ ಮುಚ್ಚುವ ಹಾಗೆ ಎಳೆದುಕೊಳ್ಳಿ, ನೋಡುವವರು ಅಲ್ಲಿ ಯಾರೂ ಇಲ್ಲ. ಶೇಂಗಾ ಚಟ್ನಿಪುಡಿಯನ್ನು ಪೂರ್ತಿ ಜೊತೆಯವರಿಗೇ ಹಂಚಬೇಡಿ, ನಿಮಗೂ ಒಂದಿಷ್ಟು ಇರಲಿ. ಅತ್ತೆಯ ಮಂಡಿನೋವು ಈಗ ಕಡಿಮೆ. ದಿನಾ ಸಂಜೆ ಓಣಿಯ ಕೊನೆಯವರೆಗೆ ನಡೆದು, ಎಲ್ಲರ ಮನೆಯ ಸುದ್ದಿ ತಗೊಂಡು ಬರುತ್ತಾರೆ. ನಾನೂ ಚೆನ್ನಾಗಿದ್ದೇನೆ ಎಂದು ಬರೆಯಬೇಕಲ್ಲ, ಬರೆದಿದ್ದೇನೆ.

ನೀವು ಫೋನ್ ಮಾಡುವುದು ವಾರಕ್ಕೊಂದು ಸಲ, ಐದು ನಿಮಿಷ, ಅದೂ ಅತ್ತೆಯ ಮೊಬೈಲಿಗೆ. ಅವರು ಸ್ಪೀಕರ್ ಹಾಕಿ ನಡುಮನೆಯಲ್ಲಿ ಇಟ್ಟುಕೊಂಡು ಕೂರುತ್ತಾರೆ. ನೀವು ನನ್ನ ಆರೋಗ್ಯ ಕೇಳುವ ಮೊದಲೇ ಕಾರಿನ ಆರೋಗ್ಯ ಕೇಳುತ್ತೀರಿ. ನಾನು ‘ಚೆನ್ನಾಗಿದೆ’ ಅನ್ನುತ್ತೇನೆ. ಹೀಗೆ ಹನ್ನೊಂದು ಭಾನುವಾರ ಅಂದಿದ್ದೇನೆ. ಹನ್ನೊಂದು ಸಲವೂ ಸುಳ್ಳು. ಬೈಯುವುದಿದ್ದರೆ ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ದಸರಾ ರಜೆಗೆ ಬಂದಾಗ ಆ ಕಾರನ್ನು ಹೇಗೆ ತಗೊಂಡಿರಿ ಎಂದು ನೆನಪಿದೆಯಲ್ಲ. ಸೊರಬದಿಂದ ಕೊಟ್ರೇಶ್ ಭಾವ ಸ್ವತಃ ಓಡಿಸಿಕೊಂಡು ಬಂದರು. ಊರಿಗೆಲ್ಲ ಹಳೇ ಗಾಡಿ ಕೊಡಿಸುವ ನಿಮ್ಮಕ್ಕನ ಗಂಡ, ಮನೆಯವರಿಗೆ ಅಂತಲೇ ಆರಿಸಿ ಇಟ್ಟಿದ್ದು ಅಂದರು. “ಡಾಕ್ಟರು ಓಡ್ಸಿದ್ ಗಾಡಿ ಮಾರಾಯಾ, ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ, ಅಷ್ಟೇಯ” ಎಂದು ಬಾನೆಟ್ ತಟ್ಟಿದರು. ಸರ್ವಿಸ್ ಪುಸ್ತಕ ಎಲ್ಲಿ ಎಂದು ನಾನು ಬಾಯಿ ತಪ್ಪಿ ಕೇಳಿದೆ. ಡಾಕ್ಟರು ಮನೆ ಬದಲಾಯಿಸುವಾಗ ಕಳೆದುಹೋಯಿತಂತೆ. ನೀವು ನನ್ನನ್ನು ಅಡಿಗೆಮನೆಗೆ ಕರೆದು, “ಅಕ್ಕನ ಗಂಡನ ಹತ್ರ ಕಾಗದ ಕೇಳ್ತಾರೇನೇ?” ಎಂದು ಕಣ್ಣು ಬಿಟ್ಟಿರಿ. ಆಮೇಲೆ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ದುಡ್ಡು ಕೊಟ್ಟಿರಿ, ಚಕ್ರದಡಿ ನಿಂಬೆಹಣ್ಣು ಇಟ್ಟಿರಿ. ನೀವು ಡ್ಯೂಟಿಗೆ ಹೋದ ಮೇಲೆ ನಿಮ್ಮ ಹೆಸರಿಗಾದ ಆರ್‌ಸಿ ಕಾರ್ಡ್ ಅಂಚೆಯಲ್ಲಿ ಬಂತು. ಅತ್ತೆ ಅದಕ್ಕೆ ವಿಭೂತಿ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟರು. ನಾವಿಬ್ಬರೂ ಕೈ ಮುಗಿದೆವು, ಓದಿದವರು ಯಾರೂ ಇಲ್ಲ.

ದೀಪಾವಳಿ ಮುಗಿದ ವಾರ ಅತ್ತೆಯನ್ನು ಆ ಕಾರಿನಲ್ಲೇ ಚಂದ್ರಗುತ್ತಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿದ್ದೆ. ಬರುವಾಗ ಕುಪ್ಪಗಡ್ಡೆ ದಾಟುವ ಮೊದಲೇ ಗಾಡಿ ಉಬ್ಬಸದ ಮುದುಕನ ಹಾಗೆ ಕೆಮ್ಮಿ, ನೀಲಿ ಹೊಗೆ ಬಿಟ್ಟು ನಿಂತಿತು. ಟ್ರ್ಯಾಕ್ಟರಿಗೆ ಕಟ್ಟಿಸಿ ಎಳೆಸಿಕೊಂಡು ಊರು ಸೇರಿದೆವು. ಮಾರನೇ ದಿನ ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನ ಮಾಸ್ತಪ್ಪ ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು ನೋಡಿದ. ಒಳಗೆ ಮೂಲೆಯಲ್ಲಿ ಅರ್ಧ ಕೆರೆದ ಒಂದು ಸ್ಟಿಕರ್ ಇತ್ತು, ಮುಂದಿನ ಆಯಿಲ್ ಯಾವಾಗ ಬದಲಿಸಬೇಕು ಎಂದು ಗ್ಯಾರೇಜಿನವರು ಅಂಟಿಸುತ್ತಾರಲ್ಲ, ಅದು. “ಅಕ್ಕಾರೆ, ಮೀಟ್ರು ಅರವತ್ತೊಂದು ಸಾವ್ರ ಅಂತೈತಿ. ಇಲ್ಲಿ ನೋಡಿದ್ರ ಎರಡು ವರ್ಷದ ಹಿಂದೇನೇ ಒಂದು ಲಕ್ಷದ ಎಂಬತ್ತು ಸಾವ್ರ ಬರದಾರ. ಮೀಟ್ರು ಹಿಂದಕ್ಕೆ ತಿರುವ್ಯಾರ್ರೀ” ಅಂದ. ಆರ್‌ಸಿ ತರಲು ಹೇಳಿದ. ಕುಂಕುಮ ಒರೆಸಿ ನೋಡಿದರೆ, ನೀವು ಅದರ ನಾಲ್ಕನೇ ಮಾಲೀಕರು. ಎಂಜಿನ್ ಸವೆದುಹೋಗಿದೆ, ಸದ್ಯಕ್ಕೆ ಏನೋ ಮಾಡಿ ಓಡುವ ಹಾಗೆ ಮಾಡುತ್ತೇನೆ, ವರ್ಷ ತಡೆದರೆ ಪುಣ್ಯ ಎಂದ. ದುಡ್ಡಿಗಿಂತ ಹೆಚ್ಚಾಗಿ, ಭಾವ ಅಂದು ನಮ್ಮ ಮನೆಯಲ್ಲೇ ಹೋಳಿಗೆ ಉಂಡು ಎದ್ದಿದ್ದು ನೆನಪಾಗಿ ಸಿಟ್ಟು ಬಂತು.

ಅತ್ತೆ ಅಲ್ಲೇ ಇದ್ದರು, ಎಲ್ಲ ಕೇಳಿಸಿಕೊಂಡರು. ಮನೆಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ನನ್ ಮಗಳು ಆ ಮನೇಲಿ ಬಾಳ್ಬೇಕವ್ವಾ. ನಮಗ ಗೊತ್ತಾತು ಅಂತ ಅಳಿಯಗೆ ತಿಳಿದ್ರ ಅಕಿನ್ನ ಮಾತಿನಾಗೇ ಸುಡ್ತಾನ. ಗಡೀಲಿರೋ ಮಗನ ಕಿವಿಗೂ ಹಾಕ್ಬ್ಯಾಡ” ಅಂದರು. ಅವರು ಅತ್ತಿದ್ದನ್ನು ನಾನು ಮಾವ ತೀರಿಕೊಂಡಾಗ ಬಿಟ್ಟರೆ ಅಂದೇ ನೋಡಿದ್ದು. ಆಯಿತು ಅಂದೆ. ಆ ‘ಆಯಿತು’ ಎಂಬ ಮಾತಿನೊಳಗೆ ಎಷ್ಟು ಜನ ಬಂದು ಕೂರುತ್ತಾರೆ ಎಂದು ಆಗ ನನಗೆ ತಿಳಿಯಲಿಲ್ಲ.

ಈಗ ಅಂಜನಾಪುರದಿಂದ ನನ್ನ ತಮ್ಮ ಸದಾಶಿವ ಬಂದಿದ್ದಾನೆ. ಆರು ವರ್ಷ ಬೇರೆಯವರ ಸ್ಕೂಲ್ ವ್ಯಾನ್ ಓಡಿಸಿ ಸಾಕಾಗಿದೆಯಂತೆ, ಸ್ವಂತ ಕಾರಿಟ್ಟು ಬಾಡಿಗೆಗೆ ಓಡಿಸುತ್ತಾನಂತೆ. ನೀವು ಹೇಗೂ ವರ್ಷಕ್ಕೊಂದು ಸಲ ಬರುವವರು, ಆ ಕಾರನ್ನು ತನಗೇ ಕೊಡಿ ಎಂದು ಕೇಳಿದ. ಅತ್ತೆಗೆ ದೇವರೇ ದಾರಿ ತೋರಿಸಿದ ಹಾಗಾಯಿತು. ರಿಪೇರಿಯಾದ ಮೇಲೆ ಗಾಡಿ ಸರಿಹೋಗಿದೆ ಎಂದು ಅವರು ನಂಬಿದ್ದಾರೋ, ನಂಬಬೇಕೆಂದು ನಂಬಿದ್ದಾರೋ, ನನಗೆ ಗೊತ್ತಿಲ್ಲ. ಕೊಟ್ರೇಶ್ ಭಾವನೂ ಫೋನಿನಲ್ಲಿ “ಮನೆ ಗಾಡಿ ಮನೇಲೇ ಉಳೀತು” ಎಂದು ಖುಷಿಪಟ್ಟರಂತೆ. ನಾನು ಸದಾಶಿವನನ್ನು ಹಿತ್ತಲಿಗೆ ಕರೆದು, ಒಮ್ಮೆ ಮಾಸ್ತಪ್ಪನಿಗೆ ತೋರಿಸಪ್ಪಾ ಅಂದೆ. ಅಷ್ಟೇ ಅಂದದ್ದು. ಅವನ ಮುಖ ಸಣ್ಣದಾಯಿತು. “ನಿನ್ ಗಂಡನ ಗಾಡಿ ನೋಡಾಕ ಮೆಕಾನಿಕ್ ಕರ್ಕೊಂಡ್ ಬಂದ್ರ, ಈ ಮನ್ಯಾಗ ನಿನ್ ಮರ್ಯಾದಿ ಏನಾಗ್ಬೇಕಕ್ಕಾ?” ಅಂದ. ನನ್ನ ಮರ್ಯಾದೆ ಉಳಿಸಲು ಹೊರಟಿದ್ದಾನೆ! ನಿಜ ಹೇಳಿದರೆ ಅವನು ನೆಟ್ಟಗೆ ಸೊರಬಕ್ಕೆ ಹೋಗಿ ಭಾವನ ಕೊರಳಪಟ್ಟಿ ಹಿಡಿಯುತ್ತಾನೆ, ಅವನ ಸಿಟ್ಟು ನಿಮಗೂ ಗೊತ್ತು. ಆಮೇಲೆ ನಿಮ್ಮಕ್ಕನ ಗತಿ? ಹೇಳದಿದ್ದರೆ ನನ್ನ ತಮ್ಮ ಇದ್ದ ಕೆಲಸ ಬಿಟ್ಟು, ಸತ್ತ ಎಂಜಿನ್ ಕಟ್ಟಿಕೊಂಡು ಬೀದಿಗೆ ಬೀಳುತ್ತಾನೆ. ಯಾವ ಕಡೆ ತಿರುಗಿದರೂ ಗೋಡೆ ಕಣ್ರೀ.

ಮಾಲೀಕರು ನೀವಾದ್ದರಿಂದ ಮಾರುವ ಫಾರಂಗೆ ನಿಮ್ಮದೇ ಸಹಿ ಬೇಕು. ಅತ್ತೆ ಫಾರಂ ತರಿಸಿ, ಇವತ್ತೇ ಕಳಿಸು ಎಂದು ಕೊಟ್ಟಿದ್ದಾರೆ. ನಾನು ಫಾರಂ ಜೊತೆ ನಾಲ್ಕು ಸಾಲು ಬರೆಯುತ್ತಿದ್ದೇನೆ ಎಂದು ತಿಳಿದು ಹೊರಗೆ ಹೂವು ಕಟ್ಟುತ್ತಾ ಕೂತಿದ್ದಾರೆ. ಒಂದು ಕಡೆ ನಿಮ್ಮಕ್ಕ, ಇನ್ನೊಂದು ಕಡೆ ನನ್ನ ತಮ್ಮ. ಫಾರಂ ಇದರ ಜೊತೆ ಇಟ್ಟಿದ್ದೇನೆ, ನೀವೇ ಯೋಚಿಸಿ ನಿರ್ಧಾರ ಮಾಡಿ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಬೆಚ್ಚಗಿರಿ, ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ
ಗಂಗಾಶ್ರೀ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಸದಾಶಿವ ಬಂದು ಹೋದ. ಮುಂದಿನ ತಿಂಗಳ ಕೊನೆಗೆ ವ್ಯಾನ್ ಬಿಡುತ್ತೇನೆಂದು ಮಾಲೀಕರಿಗೆ ಹೇಳಿಬಂದಿದ್ದಾನೆ. ನೀವೇ ನಿರ್ಧಾರ ಮಾಡಿ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿ. ಫಾರಂ ಇದರಲ್ಲಿ ಇಲ್ಲ, ಈಗಷ್ಟೇ ಬಚ್ಚಲೊಲೆಗೆ ಹಾಕಿಬಂದೆ. ಪತ್ರ ಮುಟ್ಟಿದ ಭಾನುವಾರ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, ಕಾರು ನನಗೇ ಬೇಕು, ಯಾರಿಗೂ ಮಾರಲ್ಲ ಎಂದು ಗದರಿ. ಯಾರನ್ನು ಕೇಳಿ ತಮ್ಮನಿಗೆ ಕೊಡಲು ಹೊರಟೆ ಎಂದು ನನ್ನನ್ನೂ ಜೋರಾಗಿ ಬೈಯಿರಿ, ನಾನು ಉಸಿರೆತ್ತುವುದಿಲ್ಲ. ತವರಿಗೊಂದು ಕಾರು ಕೊಡಿಸಲಾಗದ ಅಕ್ಕ ಎಂದು ಅವನು ಮಾತು ಬಿಟ್ಟರೆ ಬಿಡಲಿ. ಕೆಟ್ಟು ನಿಲ್ಲುವುದಾದರೆ ಅದು ನಮ್ಮ ಬಾಗಿಲಲ್ಲೇ ನಿಲ್ಲಲಿ.